ಸಿಗರೇಟು ಬಿಟ್ಟರೂ ಉಳಿಯುವ ಅಂತರ: ಓದಿನ ಲೆಕ್ಕ, ಭಾಗ 3

ಜನರ ಆರೋಗ್ಯ ಕೆಡುವುದರಲ್ಲಿ ಅವರ ಅಭ್ಯಾಸದ ಪಾಲೆಷ್ಟು, ಬದುಕಿನ ಪರಿಸ್ಥಿತಿಯ ಪಾಲೆಷ್ಟು? ಹಳೇ ಅಧ್ಯಯನಗಳನ್ನು ಓದಿ ಒಂದೊಂದನ್ನೇ ಸ್ಪ್ರೆಡ್‌ಶೀಟಿಗೆ ಹಾಕುವ ಕೆಲಸ ನಿಧಾನಕ್ಕೆ ಸಾಗಿದೆ. ಈ ಸಲ ವೈಟ್‌ಹಾಲ್ (ಲಂಡನ್ನಿನ ಸರ್ಕಾರಿ ಕಚೇರಿಗಳ ಬೀದಿ) ಅಧ್ಯಯನದ ಸಾಲು ತುಂಬಿತು. ಅದೊಂದೇ ಜಾಸ್ತಿ ಹೊತ್ತು ತಿಂದಿತು.

1967ರಲ್ಲಿ ಲಂಡನ್ನಿನಲ್ಲಿ ಶುರುವಾದ ಅಧ್ಯಯನ ಇದು. ಸುಮಾರು 17,500 ಸರ್ಕಾರಿ ನೌಕರರು, ಎಲ್ಲರೂ ಗಂಡಸರು. ಇವರಲ್ಲಿ ಕಡುಬಡವರು ಯಾರೂ ಇಲ್ಲ. ಎಲ್ಲರಿಗೂ ಕೆಲಸ ಇದೆ, ಸಂಬಳ ಇದೆ, ಸರ್ಕಾರಿ ವೈದ್ಯ ಸೇವೆಯೂ ಇದೆ. ಆದರೂ ಹತ್ತು ವರ್ಷದ ಲೆಕ್ಕ ತೆಗೆದಾಗ, ತೀರಾ ಕೆಳಗಿನ ದರ್ಜೆಯವರಲ್ಲಿ ಸಾವಿನ ಪ್ರಮಾಣ ಮೇಲಧಿಕಾರಿಗಳಿಗಿಂತ ಸುಮಾರು 3 ಪಟ್ಟು! ಮಧ್ಯದವರು ಮಧ್ಯದಲ್ಲೇ ಇದ್ದಾರೆ. ಮೇಲಿನಿಂದ ಎರಡನೇ ದರ್ಜೆಯವರು, ಅಂದರೆ ಒಳ್ಳೆ ಹುದ್ದೆಯಲ್ಲೇ ಇದ್ದವರು, ಮೊದಲನೇ ದರ್ಜೆಯವರಿಗಿಂತ ಹೆಚ್ಚು ಸತ್ತಿದ್ದಾರೆ. ಬಡತನ ಅಂತ ಒಂದೇ ಮಾತಲ್ಲಿ ಮುಗಿಸೋಕೆ ಆಗಲ್ಲ ಅಲ್ವಾ?

ಕೆಳಗಿನವರು ಸಿಗರೇಟು ಜಾಸ್ತಿ ಸೇದುತ್ತಿದ್ದರು, ನಿಜ. ಆದರೆ ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲಾ ಕಳೆದು ನೋಡಿದರೂ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು. ಯಾವತ್ತೂ ಸೇದದವರಲ್ಲೂ ಹೃದಯದ ಕಾಯಿಲೆ ದರ್ಜೆಗೆ ತಕ್ಕ ಹಾಗೇ ಇತ್ತು. ನನ್ನ ಹಾಳೆಯಲ್ಲಿ ‘ಅಭ್ಯಾಸ’, ‘ಪರಿಸ್ಥಿತಿ’ ಅಂತ ಎರಡೇ ಕಾಲಂ ಇದ್ದವು. ಈಗ ನಡುವೆ ‘ಪರಿಸ್ಥಿತಿಯಿಂದ ಬಂದ ಅಭ್ಯಾಸ’ ಅಂತ ಇನ್ನೊಂದು ಸೇರಿಸಿದ್ದೇನೆ. ಸಿಗರೇಟು ಅಲ್ಲಿಗೆ ಹೋಯಿತು. ಕೆಲಸದಲ್ಲಿ ತನ್ನ ಮಾತು ಎಷ್ಟು ನಡೆಯುತ್ತದೆ ಅನ್ನುವುದು ‘ಪರಿಸ್ಥಿತಿ’ಗೆ. 1985ರಲ್ಲಿ, ಈ ಸಲ ಹೆಂಗಸರನ್ನೂ ಸೇರಿಸಿಕೊಂಡು ಶುರು ಮಾಡಿದ ಎರಡನೇ ವೈಟ್‌ಹಾಲ್ ಅಧ್ಯಯನ ಕೆದಕಿದ್ದು ಮುಖ್ಯವಾಗಿ ಇದನ್ನೇ.

ಸ್ನೇಹಿತರಿಂದ ಸ್ನೇಹಿತರಿಗೆ ಬೊಜ್ಜು ‘ಹರಡುತ್ತದೆ’ ಅಂತ 2007ರಲ್ಲಿ ಬಂದ ಲೇಖನವನ್ನೂ ಓದಿದೆ. ಸಿಕ್ಕಾಪಟ್ಟೆ ಸುದ್ದಿಯಾಗಿತ್ತು. ಮರುವರ್ಷವೇ ಇಬ್ಬರು ಸಂಶೋಧಕರು ಅಂಥದ್ದೇ ಲೆಕ್ಕದ ವಿಧಾನವನ್ನು ಮೊಡವೆ, ತಲೆನೋವು, ಎತ್ತರಕ್ಕೆ ಹಚ್ಚಿ ನೋಡಿದರು. ಎತ್ತರವೂ ಸ್ನೇಹಿತರಿಂದ ಅಂಟುತ್ತದೆ ಅಂತ ಉತ್ತರ ಬಂತು! ಒಂದೇ ಥರದವರು ಗೆಳೆಯರಾಗುತ್ತಾರೆ, ಒಂದೇ ವಾತಾವರಣದಲ್ಲಿ ಇರುತ್ತಾರೆ. ಅದನ್ನು ಸರಿಯಾಗಿ ಕಳೆಯದಿದ್ದರೆ ಏನು ಬೇಕಾದರೂ ಅಂಟುರೋಗದ ಹಾಗೆ ಕಾಣುತ್ತದೆ. ಸುಮ್ನೆ ಕುಹಕ ಅಲ್ಲ, ನನಗಂತೂ ಇದು ಮೂಲ ಲೇಖನಕ್ಕಿಂತ ಹೆಚ್ಚು ಕಲಿಸಿತು. ಬೊಜ್ಜಿನ ಸಾಲಿಗೆ ಸದ್ಯ ಹಳದಿ ಬಣ್ಣ ಬಳಿದಿದ್ದೇನೆ, ಅಂದರೆ ಇನ್ನೂ ಅನುಮಾನ.

ಮುಂದಿನದು ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿ. ಒಡನಾಟ ಕಡಿಮೆ ಇದ್ದವರು ಬೇಗ ಸಾಯುತ್ತಾರೆ ಅಂತ 1979ರಲ್ಲಿ ತೋರಿಸಿದ ಅಧ್ಯಯನ. ಕಾಯಿಲೆ ಬಿದ್ದಿದ್ದಕ್ಕೇ ಒಡನಾಟ ಕಡಿಮೆಯಾಗಿತ್ತೋ ಏನೋ, ಅದನ್ನು ಹೇಗೆ ಬೇರೆ ಮಾಡಿದರು ಅಂತ ಮೊದಲು ನೋಡಬೇಕು.