ಭಾನುವಾರ ರಾತ್ರಿಯ ಬಸ್ಸು

ನಿನ್ನೆ ರಾತ್ರಿ ಅಕ್ಕನ ಮಗನನ್ನು ಶಿವಮೊಗ್ಗದಲ್ಲಿ ಬೆಂಗಳೂರು ಬಸ್ಸು ಹತ್ತಿಸಿ ಬಂದೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿದು ವರ್ಷವಾಯಿತು. ಪೀಣ್ಯದಲ್ಲಿ ಮೂರು ತಿಂಗಳು ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ) ಕಲಿಯುತ್ತಾನಂತೆ. ಓದುವಾಗ ಆ ಮೆಷಿನ್ನಿಗೆ ಯಾವಾಗಲೂ ಪ್ಲಾಸ್ಟಿಕ್ ಹೊದಿಕೆಯೇ. ಮುಟ್ಟಿದ್ದು ಎರಡೇ ಸಲ! ಬ್ಯಾಗಿನಲ್ಲಿ ಅಳತೆಯ ವರ್ನಿಯರ್ ಕ್ಯಾಲಿಪರ್, ಪಕ್ಕದಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ. ಎಣ್ಣೆ ಸೋರದಿರಲಿ ಅಂತ ಅಕ್ಕ ಮೂರು ಕವರ್ ಸುತ್ತಿದ್ದಳು.

2024ರ ಜನವರಿ 12ರಂದು ಯುವನಿಧಿ ಹಣ ಹಾಕೋಕೆ ಶುರು ಮಾಡಿದ್ದು ನಮ್ಮೂರ ಫ್ರೀಡಂ ಪಾರ್ಕಿನಲ್ಲೇ ಅಲ್ವಾ. ಕೆಲಸ ಸಿಗದ ಡಿಪ್ಲೊಮಾದವರಿಗೆ ತಿಂಗಳಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಬೆಂಗಳೂರಿನ ಪಿಜಿ ಬಾಡಿಗೆಗೆ ಅದು ಎಲ್ಲಿ ಸಾಕು? ಕೈಗೊಂದು ಕೆಲಸ ಕಲಿಸಿದರೇ ವಾಸಿ.

"ಇಲ್ಲೇ ಮಾಚೇನಹಳ್ಳಿಯ ಲೋಹ ಎರಕದ ಫೌಂಡ್ರಿಗಳಲ್ಲಿ ವಿಚಾರಿಸಬಹುದಿತ್ತಲ್ಲೋ" ಅಂದೆ, ಸುಮ್ನೆ.

"ಕಲಿತು ಬಂದು ಕೇಳ್ತೀನಿ ಮಾಮ" ಅಂದ.

ಬಸ್ಸಿನ ತುಂಬಾ ಅವನ ವಯಸ್ಸಿನವರೇ ಇದ್ದರು.