ಸೌತ್‌ಡೇಲ್ ಮಾಡೆಲ್: ಕಟ್ಟಡ ಎದ್ದಿದೆ, ಪಾರ್ಕಿಂಗ್ ಮುಗಿಯುತ್ತಿಲ್ಲ

ನಾನು ಕೈಯಾರೆ ಮಾಡುತ್ತಿರುವ ಹಳೇ ಅಮೆರಿಕನ್ ಮಾಲ್‌ಗಳ ಪುಟ್ಟ ಮಾಡೆಲ್ ಎಲ್ಲಿಗೆ ಬಂತು ಅಂತ ಕೇಳುತ್ತಿದ್ದವರಿಗೆ ಈ ಅಪ್‌ಡೇಟ್. ಈಗ ಮೇಜಿನ ಮೇಲಿರುವುದು ಸೌತ್‌ಡೇಲ್, ಮಿನ್ನೆಸೋಟದ ಈಡೈನಾದ್ದು. 1956ರ ಅಕ್ಟೋಬರ್ 8ರಂದು ಬಾಗಿಲು ತೆರೆಯಿತು. ಅಮೆರಿಕದ ಊರಾಚೆಯ ಬಡಾವಣೆಗಳಲ್ಲಿ ಪೂರ್ತಿ ಮುಚ್ಚಿದ, ಒಳಗೆಲ್ಲ ಒಂದೇ ಹವೆ ಇಟ್ಟ ದೊಡ್ಡ ಮಾಲ್‌ಗಳ ಸಾಲು ಶುರುವಾಗಿದ್ದು ಇದರಿಂದಲೇ. ಖರ್ಚು 2 ಕೋಟಿ ಡಾಲರ್, ಅಂಗಡಿಗಳು 72.

ಸ್ಕೇಲ್ 1:500. ಅಂದರೆ ಒಂದು ಕಾರು ಹೆಚ್ಚುಕಡಿಮೆ 1 ಸೆಂಟಿಮೀಟರ್. ಕಟ್ಟಡದ ಗೋಡೆ, ಚಾವಣಿ ಎಲ್ಲ ಸನ್ ಬೋರ್ಡ್‌ನಲ್ಲಿ (ಹಗುರವಾದ ಪ್ಲಾಸ್ಟಿಕ್ ಫೋಮ್ ಹಲಗೆ) ಬೇಗ ಮುಗಿಯಿತು, ಯಾಕಂದ್ರೆ ಹೊರಗಿನಿಂದ ನೋಡಿದರೆ ಅದರಲ್ಲಿ ನೋಡುವುದಕ್ಕೇನೂ ಇಲ್ಲ, ಸುಮ್ನೆ ದೊಡ್ಡ ದೊಡ್ಡ ಡಬ್ಬಿಗಳು. ಸಮಯ ತಿನ್ನುತ್ತಿರುವುದು ಪಾರ್ಕಿಂಗ್. 5,200 ಕಾರಿಗೆ ಜಾಗ! ಓಡಾಡುವ ದಾರಿಯೂ ಸೇರಿ ಒಂದು ಕಾರಿಗೆ 30 ಚದರ ಮೀಟರ್ ಹಿಡಿದರೂ ಸುಮಾರು 38 ಎಕರೆ ಆಗುತ್ತದೆ. ಬಿಳಿ ಗೆರೆಗಳನ್ನು ಬೂದು ಕಾಗದದ ಮೇಲೆ ಪ್ರಿಂಟ್ ಹಾಕಿ ಅಂಟಿಸುತ್ತಿದ್ದೇನೆ, ಒಂದೊಂದಾಗಿ ಎಳೆಯುವ ತಾಳ್ಮೆ ನನಗಿಲ್ಲ.

ಆದರೆ ಈ ಪಾರ್ಕಿಂಗ್‌ನಲ್ಲೇ ಇದೆ ನೋಡಿ ಇದರ ಕರಾಮತ್ತು. ಮಾಲ್‌ಗೆ ಎರಡು ಮಹಡಿ. ಮೇಲಿನ ಮಹಡಿಗೆ ಜನ ಹತ್ತಿ ಬರುವುದಿಲ್ಲ, ಅಲ್ಲಿ ಬಾಡಿಗೆ ಹುಟ್ಟುವುದಿಲ್ಲ ಅನ್ನುವುದು ಆಗಿನ ವ್ಯಾಪಾರಿಗಳ ಭಯ. ಅದಕ್ಕೆ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ನೆಲವನ್ನೇ ಏರುತಗ್ಗು ಮಾಡಿಸಿದರು. ಕೆಲವು ಕಡೆ ಕಾರು ನಿಲ್ಲಿಸಿದರೆ ನೇರ ಕೆಳಗಿನ ಮಹಡಿಗೆ, ಇನ್ನು ಕೆಲವು ಕಡೆ ನಿಲ್ಲಿಸಿದರೆ ನೇರ ಮೇಲಿನದಕ್ಕೆ. ಯಾವ ಮಹಡಿಯೂ ಎರಡನೇ ದರ್ಜೆಯದಲ್ಲ. ನನ್ನ ಮಾಡೆಲ್‌ನಲ್ಲಿ ಆ ವ್ಯತ್ಯಾಸ 5 ಮಿಲಿಮೀಟರ್‌ನ ಎರಡು ಬೋರ್ಡ್ ಅಷ್ಟೇ, ಒಂದರ ಮೇಲೊಂದು ಇಟ್ಟು ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ಇಳಿಜಾರು ಮಾಡಿದೆ. ಫೋಟೋದಲ್ಲಿ ಇದು ಕಾಣುವುದೇ ಇಲ್ಲ, ಬೆರಳಾಡಿಸಿದರೆ ಗೊತ್ತಾಗುತ್ತದೆ.

ಗ್ರೂಯೆನ್ ವಿಯೆನ್ನಾದ ಯಹೂದಿ, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದವರು. ಮೊದಲು ನ್ಯೂಯಾರ್ಕ್‌ನಲ್ಲಿ ಅಂಗಡಿ ಮುಂಭಾಗಗಳನ್ನು ವಿನ್ಯಾಸ ಮಾಡಿ ಹೆಸರಾದರು. 1954ರಲ್ಲಿ ಡೆಟ್ರಾಯಿಟ್ ಪಕ್ಕದ ನಾರ್ತ್‌ಲ್ಯಾಂಡ್ ಮಾಲ್ ಅವರದ್ದೇ, ಅಂಗಡಿಗಳ ನಡುವಿನ ಜಾಗಕ್ಕೆ ಆಗ ಸೂರಿರಲಿಲ್ಲ. ಸಿಯಾಟಲ್‌ನ ನಾರ್ತ್‌ಗೇಟ್ ಇನ್ನೂ ಮೊದಲಿನದು, 1950ರದ್ದು, ಜಾನ್ ಗ್ರಹಾಂ ಅವರದು. ಅಲ್ಲಿ ಲಾರಿಗಳು ನೆಲದಡಿಯ ಸುರಂಗದಲ್ಲಿ ಬಂದು ಸರಕು ಇಳಿಸುತ್ತಿದ್ದವು. ಕಾರಿನಲ್ಲಿ ಬರುವವರಿಗಂತಲೇ ಕಟ್ಟಿದ ಇನ್ನೂ ಹಳೇ ಶಾಪಿಂಗ್ ಜಾಗ ಬೇಕಾದರೆ ಕಾನ್ಸಾಸ್ ಸಿಟಿಯ ಕಂಟ್ರಿ ಕ್ಲಬ್ ಪ್ಲಾಜಾಗೆ ಹೋಗಬೇಕು, 1923. ಅದನ್ನು ಕಟ್ಟಿಸಿದ ಜೆ.ಸಿ. ನಿಕೋಲ್ಸ್ ತನ್ನ ಬಡಾವಣೆಗಳ ಮನೆಪತ್ರದಲ್ಲಿ ಕಪ್ಪು ಜನರಿಗೆ ಮಾರಬಾರದು ಅಂತ ಷರತ್ತು ಹಾಕಿಸುತ್ತಿದ್ದ. ಈ ಮಾಲ್‌ಗಳ ಕಥೆ ಹೇಳುವಾಗ ಇದನ್ನು ಬಿಟ್ಟು ಹೇಳುವವರೇ ಜಾಸ್ತಿ.

ಇದೆಲ್ಲ 50ರ ದಶಕದಲ್ಲೇ ಯಾಕೆ ಹಬ್ಬಿತು? ಕಾರು, ಹೆದ್ದಾರಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ನನಗೆ ಕುತೂಹಲ ಹುಟ್ಟಿಸಿದ್ದು 1954ರ ತೆರಿಗೆ ಬದಲಾವಣೆ. ಹೊಸ ಕಟ್ಟಡದ ಸವಕಳಿಯನ್ನು (ಹಳತಾಗುತ್ತಾ ಬೆಲೆ ಇಳಿಯುವುದರ ಲೆಕ್ಕ) ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚೆಚ್ಚು ತೋರಿಸಬಹುದು ಅಂತಾಯಿತು. ಬಾಡಿಗೆ ಬರುತ್ತಿದ್ದರೂ ಲೆಕ್ಕದ ಪುಸ್ತಕದಲ್ಲಿ ನಷ್ಟ, ತೆರಿಗೆ ಉಳಿತಾಯ. ಊರಾಚೆ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟುವವನಿಗೆ ಹಬ್ಬ.

ಸೌತ್‌ಡೇಲ್‌ಗೆ ದುಡ್ಡು ಹಾಕಿದ್ದು ಡೇಟನ್ ಕಂಪನಿ, ಮುಂದೆ 1962ರಲ್ಲಿ ಟಾರ್ಗೆಟ್ ಅನ್ನುವ ಅಂಗಡಿ ಸರಣಿ ಶುರು ಮಾಡಿದವರು. ಅವರು ತಮ್ಮ ಎದುರಾಳಿ ಡೊನಾಲ್ಡ್‌ಸನ್ಸ್ ಅಂಗಡಿಯನ್ನೂ ಅದೇ ಸೂರಿನಡಿ ಕರೆದರು. ಎರಡು ದೊಡ್ಡ ಅಂಗಡಿ, ಅವುಗಳ ನಡುವೆ ಅಂಗಳ. ಒಂದರಿಂದ ಇನ್ನೊಂದಕ್ಕೆ ಹೋಗುವವರು ನಡುವಿನ ಸಣ್ಣ ಅಂಗಡಿಗಳ ಮುಂದೆಯೇ ಹಾದುಹೋಗಬೇಕು.

ಆ ಅಂಗಳವನ್ನು ಬೇರೆಯಾಗಿ 1:100ರಲ್ಲಿ ಮಾಡುತ್ತಿದ್ದೇನೆ. ಹೊರಗೆ ಮಿನ್ನೆಸೋಟದ ಚಳಿ, ಒಳಗೆ ವರ್ಷವಿಡೀ ಸುಮಾರು 24 ಡಿಗ್ರಿ, ಗಿಡಗಳು, ಪಕ್ಷಿ ಪಂಜರ, ಕೆಫೆ. ಅಲ್ಲಿ ಶಿಲ್ಪಿ ಹಾರಿ ಬರ್ಟೋಯಾ ಮಾಡಿದ ಚಿನ್ನದ ಬಣ್ಣದ ಲೋಹದ ಮರಗಳಿವೆ. ಅವಕ್ಕೆ ಹಳೇ ಕರೆಂಟ್ ವೈರಿನ ತಾಮ್ರದ ಎಳೆ ಬಿಡಿಸಿ, ತುದಿಗೆ ತಗಡಿನ ಚೂರುಗಳನ್ನು ಅಂಟಿಸಿ ಚಿನ್ನದ ಬಣ್ಣ ಹೊಡೆದೆ. ಚೂರು ಅಕ್ಕಿಕಾಳಿಗಿಂತ ಸಣ್ಣದು, ಚಿಮಟದಲ್ಲಿ ಹಿಡಿದು ಅಂಟು ತಾಗಿಸುವಷ್ಟರಲ್ಲಿ ಫ್ಯಾನಿನ ಗಾಳಿಗೆ ಹಾರಿಹೋಗುತ್ತದೆ. ಫ್ಯಾನ್ ಆಫ್ ಮಾಡಿ ಬೆವರು ಸುರಿಸಿಕೊಂಡೇ ಕೆಲಸ.

ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಸೌತ್‌ಡೇಲ್‌ಗೆ ಬಂದು ನೋಡಿ, ಹಳ್ಳಿ ಬೀದಿಯ ಕೆಡುಕೆಲ್ಲ ಇದೆ, ಸೊಗಸು ಮಾತ್ರ ಇಲ್ಲ ಅಂತ ಬೈದುಹೋದರು. ನನಗೆ ಅದು ಪೂರ್ತಿ ನ್ಯಾಯ ಅನಿಸುವುದಿಲ್ಲ. ಗ್ರೂಯೆನ್ ಬಯಸಿದ್ದು ಬರೀ ಅಂಗಳವನ್ನಲ್ಲ: 463 ಎಕರೆಯಲ್ಲಿ ಮನೆಗಳು, ಶಾಲೆ, ಆಸ್ಪತ್ರೆ, ಪಾರ್ಕು, ಕೆರೆ, ಇವೆಲ್ಲದರ ನಡುವೆ ಮಾಲ್. ಅಂದುಕೊಂಡ ಹಾಗೆ ಆ ಊರು ಏಳಲಿಲ್ಲ. ಮಾಲ್ ಬಂದ ಮೇಲೆ ಸುತ್ತಲಿನ ಜಾಗದ ಬೆಲೆ ಏರಿತು, ಅದು ಯಾರ್ಯಾರದೋ ಪಾಲಾಯಿತು. 1978ರಲ್ಲಿ, ಸಾಯುವ ಎರಡು ವರ್ಷ ಮುಂಚೆ, ಅವರು ಲಂಡನ್ನಿನ ಭಾಷಣವೊಂದರಲ್ಲಿ ಈ ಮಾಲ್‌ಗಳಿಗೂ ನನಗೂ ಸಂಬಂಧವಿಲ್ಲ ಅಂತ ಕೈತೊಳೆದುಕೊಂಡರು.

ಆ ಕಟ್ಟದ ಊರನ್ನೂ ಮಾಡೆಲ್‌ಗೆ ಸೇರಿಸಬೇಕು ಅಂತ ತೀರ್ಮಾನಿಸಿದ್ದೇನೆ, ಪಾರದರ್ಶಕ ಪ್ಲಾಸ್ಟಿಕ್ ಶೀಟಿನಲ್ಲಿ, ಕಟ್ಟಿದ್ದಕ್ಕೂ ಕಟ್ಟದ್ದಕ್ಕೂ ವ್ಯತ್ಯಾಸ ಗೊತ್ತಾಗಲಿ ಅಂತ. ಆಮೇಲೆ ಪಾರ್ಕಿಂಗ್ ಮೇಲೆ ಹಿಮ. ಬೇಕಿಂಗ್ ಸೋಡಾ ಹಾಕಿದರೆ ಕೆಲವು ತಿಂಗಳಿಗೆ ಹಳದಿಯಾಗುತ್ತದೆ ಅಂತಾರೆ, ಬೇರೆ ಏನಾದರೂ ಬಳಸಿದವರಿದ್ದರೆ ಹೇಳಿ.