ಕೊನೆಕೊಯ್ಲಿನ ಕೂಲಿ ಮತ್ತು 1983ರ ಲೆಕ್ಕ

ಶಿರಸಿ, ಸಿದ್ದಾಪುರದ ತೋಟಿಗರಲ್ಲಿ ಕನಿಷ್ಠ ವೇತನದ ಮಾತೆತ್ತಿದರೆ, ಅಡಿಕೆ ಮರ ಹತ್ತಿ ಕೊನೆ (ಕಾಯಿಗೊಂಚಲು) ಇಳಿಸುವವರು ಸರ್ಕಾರಿ ದರಕ್ಕಿಂತ ಎಷ್ಟೋ ಹೆಚ್ಚು ಪಡೆಯುತ್ತಾರಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಾತು ಸುಳ್ಳಲ್ಲ. ಆದರೆ ಆ ಕೂಲಿ ಸಲ್ಲುವುದು ಅಪರೂಪದ ಕೌಶಲಕ್ಕೆ ಮತ್ತು ಬಿದ್ದರೆ ಸೊಂಟ ಮುರಿಯುವ ಅಪಾಯಕ್ಕೆ. ಅದೂ ವರ್ಷದ ಕೆಲವೇ ತಿಂಗಳು. ಇಳಿಸಿದ ಅಡಿಕೆಯನ್ನು ಅಂಗಳದಲ್ಲಿ ಕುಳಿತು ಸುಲಿಯುವ, ಬೆಟ್ಟದಿಂದ ತೋಟಕ್ಕೆ ಸೊಪ್ಪು ಹೊರುವ ಹೆಂಗಸರ ಲೆಕ್ಕವೇ ಬೇರೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿದ್ದರೂ ಗಂಡಾಳಿಗೊಂದು, ಹೆಣ್ಣಾಳಿಗೊಂದು ದರವೆಂಬುದನ್ನು ನಾವು ಸಂಕೋಚವಿಲ್ಲದೆ ನಡೆಸಿಕೊಂಡು ಬಂದಿದ್ದೇವೆ.

ದುಡಿಯುವವರಿಗೆ ಎಷ್ಟು ಬೇಕು ಎಂಬುದಕ್ಕೆ ಅಳತೆಯಿಲ್ಲವೆಂದೇನೂ ಅಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನವು ವಯಸ್ಕರಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಜೊತೆಗೆ ಬಾಡಿಗೆ, ಉರುವಲು, ದೀಪದ ವೆಚ್ಚವನ್ನು ಎಣಿಸಿತು; ಮಕ್ಕಳ ಶಿಕ್ಷಣ, ಚಿಕಿತ್ಸೆ, ಮದುವೆ, ಮುಪ್ಪಿನ ದಿನಗಳಿಗಾಗಿ ಇನ್ನೂ ಶೇ. 25ರಷ್ಟು ಸೇರಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ತೊಡಕಿರುವುದು ದರವನ್ನು ಏರಿಸುವ ಕ್ರಮದಲ್ಲಿ. ಕರ್ನಾಟಕದ ಉದ್ಯೋಗ ಖಾತರಿ ಕೂಲಿ 2024-25ರ 349 ರೂಪಾಯಿಯಿಂದ ಮರುವರ್ಷ 370ಕ್ಕೆ ಏರಿದ್ದು ಕೃಷಿ ಕಾರ್ಮಿಕರು ಕೊಳ್ಳುವ ವಸ್ತುಗಳ ಬೆಲೆಯೇರಿಕೆಯನ್ನು ಅಳೆಯುವ ಸೂಚ್ಯಂಕದ ಆಧಾರದ ಮೇಲೆ. ಆ ಸೂಚ್ಯಂಕವು 1983ರಲ್ಲಿ ಹಳ್ಳಿಯ ಮನೆಗಳು ಏನೇನಕ್ಕೆ ಖರ್ಚು ಮಾಡುತ್ತಿದ್ದವು ಎಂಬ ಸಮೀಕ್ಷೆಯನ್ನು ನೆಚ್ಚಿತ್ತು. ಅದರಲ್ಲಿ ಆಹಾರದ ಪಾಲೇ ಸುಮಾರು ಶೇ. 69. ಈಗ ಪಡಿತರದ ಅಕ್ಕಿ ಉಚಿತವಾಗಿ ಬರುತ್ತದೆ. ಕೂಲಿ ಕರಗುವುದು ಬೇರೆಡೆ. ದೊಡ್ಡ ಕಾಯಿಲೆ ಬಂದರೆ ಅಂಕೋಲಾ, ಕುಮಟಾದವರು ಮಣಿಪಾಲಕ್ಕೋ ಮಂಗಳೂರಿಗೋ, ಘಟ್ಟದ ಮೇಲಿನವರು ಹುಬ್ಬಳ್ಳಿಗೋ ಓಡಬೇಕು. ವಾಹನದ ಬಾಡಿಗೆ, ಜೊತೆಗೆ ಹೋದವರ ಊಟ, ಅಷ್ಟು ದಿನ ತಪ್ಪಿದ ಕೂಲಿ ಎಲ್ಲವೂ ಸೇರಿ ಸಾಲವಾಗುತ್ತದೆ. 2019ನ್ನು ಆಧಾರವರ್ಷವಾಗಿಸಿಕೊಂಡ ಹೊಸ ಸೂಚ್ಯಂಕ ಪ್ರಕಟವಾದದ್ದು 2025ರಲ್ಲಿ.

ಕೊಳೆರೋಗಕ್ಕೆ ಅರ್ಧ ಫಸಲು ಕಳೆದುಕೊಂಡ ಸಣ್ಣ ಹಿಡುವಳಿದಾರರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆ ನಷ್ಟವನ್ನು ಅವರಿಗಿಂತ ಬಡವರಾದ ಸುಲಿಯುವವರ ಮೇಲೆ ಇಳಿಸುವುದು ನ್ಯಾಯವೆನಿಸದು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೇತನ ಸಂಹಿತೆ ದಿನಗೂಲಿಗಷ್ಟೇ ಅಲ್ಲದೆ ಮಾಡಿದ ಕೆಲಸದ ಅಳತೆಗೆ ತಕ್ಕಂತೆ ಕೂಲಿ ಸಿಗುವ ತುಂಡುಗೆಲಸಕ್ಕೂ ಕನಿಷ್ಠ ದರ ನಿಗದಿಪಡಿಸಲು ಅವಕಾಶವಿತ್ತಿದೆ. ಎಂಟು ಗಂಟೆಯಲ್ಲಿ ಒಬ್ಬರು ಎಷ್ಟು ಅಡಿಕೆ ಸುಲಿಯಬಲ್ಲರೆಂದು ಅಂಗಳದಲ್ಲೇ ಅಳೆದು, ಕಿಲೋಗೆ ಇಷ್ಟೆಂದು ಕಾರ್ಮಿಕ ಇಲಾಖೆ ಮುಂದಿನ ಸುಗ್ಗಿಗೆ ಮೊದಲೇ ಪ್ರಕಟಿಸಬೇಕು.